ಭಾವನ ಬೆಣ್ಣೆಮೀನು

ಬೆಳಕು ಇಳಿಯದ ಆಳದಲ್ಲಿ ಬದುಕುವ ಮೀನುಗಳ ಹೊಟ್ಟೆ ಬಗೆದು ನೋಡುವುದೇ ನನ್ನ ಕೆಲಸ. ಮೀನಿನೊಳಗೆ ಮೀನು, ಅದರೊಳಗೆ ಹುಳು, ಅರ್ಧ ಕರಗಿದ ಕಣ್ಣು, ಇವನ್ನೆಲ್ಲ ಮುಟ್ಟಿ ಕೈ ತೊಳೆದು ನೆಮ್ಮದಿಯಾಗಿ ಊಟಕ್ಕೆ ಕೂರುವವಳು ನಾನು. ನನಗೆ ಹೇಸಿಗೆ ಹುಟ್ಟಿಸಿದ ಪ್ರಾಣಿ ಒಂದೇ. ಅದು ನಮ್ಮ ಭಾವ.

ಭಾವನದು ದೊಡ್ಡ ಹೋಟೆಲು. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಅಪ್ಪ ಇರುವುದು ಅಕ್ಕ-ಭಾವನ ಮನೆಯಲ್ಲೇ. ಮೊನ್ನೆ ಭಾನುವಾರ ಹಳೆಯ ವಿದ್ಯಾರ್ಥಿಗಳು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಬಿಳಿ ಪ್ಯಾಂಟು ಹಾಕಿಕೊಂಡು ವೇದಿಕೆಯಲ್ಲಿ ಮಾತಾಡಿದ ಅಪ್ಪ, ಕುರ್ಚಿಯ ಕಡೆ ತಿರುಗಿದರು. ಪ್ಯಾಂಟಿನ ಹಿಂಭಾಗದಲ್ಲಿ ಕಿತ್ತಳೆ ಬಣ್ಣದ ಎಣ್ಣೆ ತೊಡೆಯವರೆಗೆ ಇಳಿದಿತ್ತು. ಮುಂದಿನ ಸಾಲಿನವರು ಮೂಗಿಗೆ ಕರವಸ್ತ್ರ ಹಿಡಿದರು. ಯಾರೋ ಕಿಸಕ್ಕನೆ ನಕ್ಕರು.

ಮನೆಗೆ ಬಂದು ಬಟ್ಟೆ ಬದಲಿಸಿದ ಅಪ್ಪ ಗೋಡೆ ನೋಡುತ್ತಾ ಕೂತುಬಿಟ್ಟರು. "ನನಗೆ ಗೊತ್ತೇ ಆಗ್ಲಿಲ್ಲ ಕಣೇ. ಮೈ ಮೇಲೆ ಹಿಡಿತ ಹೋಯ್ತು. ಇನ್ಮೇಲೆ ನಾನು ಹೊಸ್ತಿಲು ದಾಟಲ್ಲ."

"ವಯಸ್ಸಾದ್ಮೇಲೆ ಇದೆಲ್ಲ ಇದ್ದದ್ದೇ ಮಾವ. ಡಯಾಪರ್ ತರಿಸ್ತೀನಿ ಬಿಡಿ," ಎಂದರು ಭಾವ.

ಮೂಲೆಯಲ್ಲಿ ಬಿದ್ದಿದ್ದ ಪ್ಯಾಂಟನ್ನು ಎತ್ತಿ ಮೂಸಿದೆ. ಹೌದು, ಮೂಸಿದೆ. ನನ್ನ ಪ್ರಯೋಗಾಲಯದ ವಾಸನೆಯೇ ಅದು.

"ಅಪ್ಪ, ನಿನ್ನೆ ಏನು ತಿಂದ್ರಿ?"

"ಹೋಟೆಲಿಂದ ಬಂದ ಬೆಣ್ಣೆಮೀನು. ಬಾಯಲ್ಲಿಟ್ರೆ ಕರಗೋದು!"

ಫ್ರಿಜ್ಜು ತೆರೆದು ಉಳಿದ ತುಂಡುಗಳನ್ನು ನೋಡಿದೆ. "ಅದು ಬೆಣ್ಣೆಯಲ್ಲಪ್ಪ, ಮೇಣ! ಆಳದಲ್ಲಿ ಮುಳುಗದೆ ತೇಲೋಕೆ ಈ ಮೀನು ಮೈತುಂಬ ಮೇಣದಂಥ ಎಣ್ಣೆ ಇಟ್ಕೊಂಡಿರುತ್ತೆ. ನಮ್ಮ ಹೊಟ್ಟೆಗೆ ಅದು ಅರಗಲ್ಲ. ಹೇಳದೆ ಕೇಳದೆ ಸೋರಿ ಹೋಗುತ್ತೆ. ಇಪ್ಪತ್ತರ ಹುಡುಗ ತಿಂದಿದ್ರೂ ಇದೇ ಗತಿ."

"ನಾನೇನು ವಿಷ ಹಾಕಿದ್ನಾ?" ಎಂದು ಎಗರಿದರು ಭಾವ. "ಹೋಟೆಲಲ್ಲಿ ದಿನಾ ಜನ ಚಪ್ಪರಿಸ್ಕೊಂಡು ತಿಂತಾರೆ. ಒಬ್ಬರಾದ್ರೂ ದೂರು ಹೇಳಿದಾರಾ?"

ನಾನು ಅವರ ಹೆಸರೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು.

"ಯಾರು ಹೇಳ್ತಾರೆ?" ಅಕ್ಕ ಮೆಲ್ಲಗೆ ಅಂದಳು. "ನಿನ್ನೆ ರಾತ್ರಿ ನನಗೂ ಹೀಗೇ ಆಯ್ತು. ನಾಚಿಕೆಯಾಗಿ ಹಾಸಿಗೆ ಬಟ್ಟೆ ಕದ್ದು ಒಗೆದೆ." ಆಮೇಲೆ ಗಂಡನ ಮುಖ ನೋಡಿದಳು. "ರೀ, ನಿನ್ನೆ ನೀವು ಮಾತ್ರ ಬರೀ ಅನ್ನ, ಸೊಪ್ಪು ತಿಂದು ಎದ್ರಿ."

ಅಕ್ಕ ತುಂಡುಗಳನ್ನೆಲ್ಲ ಬಿಸಿ ಮಾಡಿ ತಟ್ಟೆಗೆ ಸುರಿದು ಗಂಡನ ಮುಂದೆ ಕುಕ್ಕಿದಳು.

"ತಿನ್ನಿ."

ಭಾವ ತಟ್ಟೆಯನ್ನು ಬೆರಳ ತುದಿಯಲ್ಲಿ ದೂರ ತಳ್ಳಿದರು. "ನಾಳೆ ನನಗೆ ಮೀಟಿಂಗ್ ಇದೆ."

ಗೊತ್ತಿತ್ತು ಈ ಮನುಷ್ಯನಿಗೆ! ಗೊತ್ತಿದ್ದೂ ಮಾವನಿಗೆ ಡಯಾಪರ್ ತರಿಸಲು ಹೊರಟಿದ್ದ. ನನಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು.

ಅಪ್ಪ ಗೋಡೆಯಿಂದ ಕಣ್ಣು ತೆಗೆದು ತಟ್ಟೆ ನೋಡಿದರು, ಅಳಿಯನನ್ನು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಪ್ಯಾಂಟಿನ ಕಡೆ ಬೆರಳು ತೋರಿಸಿದರು.

"ಅದನ್ನ ತೊಳೀಬೇಡ ಕಣೇ. ನಾಳೆ ಅದನ್ನೇ ಹಾಕ್ಕೊಂಡು ಇವರ ಹೋಟೆಲ್ ಬಾಗಿಲಲ್ಲಿ ನಿಂತ್ಕೋತೀನಿ."