ಏಳನೆಯ ಬಾವಿಯ ನೀರು

ಬೇರೆ ಯಾವುದೋ ಗ್ರಹದಲ್ಲಿ ನೀರು ಸಿಕ್ಕಿತೆಂಬ ಸುದ್ದಿ ತಂಬಾಕ್‌ಸರಿಗೆ ಬಂದದ್ದು ತರ್ಮುಜಿಯ ದೋಣಿಯಲ್ಲಿ. ಊರಿಗೆ ಬರುವುದೆಲ್ಲ ಅದರಲ್ಲೇ ಬರಬೇಕು: ಅಕ್ಕಿ, ಗ್ಯಾಸು, ಮದುವೆಯ ನೆಂಟರು, ಕುಡಿಯುವ ನೀರು. ರಸ್ತೆಯನ್ನು ಸಮುದ್ರ ನುಂಗಿ ಎಂಟು ವರ್ಷ ಕಳೆದಿತ್ತು.

"ಬು ರುಕಾನಾ, ಕೇಳಿದ್ರಾ?" ಜಗಲಿಯ ಕಂಬಕ್ಕೆ ದೋಣಿ ಕಟ್ಟುತ್ತಲೇ ತರ್ಮುಜಿ ಕೂಗಿದ. "ಮೇಲೆಲ್ಲೋ ಒಂದು ಗ್ರಹದಲ್ಲಿ ನೀರಿದೆಯಂತೆ! ಟೀವೀಲಿ ದೊಡ್ಡ ದೊಡ್ಡ ಪಂಡಿತರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣೀತಿದ್ರು."

"ನೀರು ಕಂಡು ಕುಣಿಯೋರಾದ್ರೆ ಇಲ್ಲಿಗೆ ಬರಲಿ ಪಾಕ್," ಎಂದಳು ರುಕಾನಾ. "ಸೊಂಟದವರೆಗೂ ನೀರಲ್ಲಿ ನಿಂತು ಕುಣೀಬಹುದು." ಹೆಂಗಸರನ್ನು ಬು, ಗಂಡಸರನ್ನು ಪಾಕ್ ಎಂದು ಕರೆಯುವುದು ಆ ಊರಿನ ಮರ್ಯಾದೆ.

ಅವನ ಹಿಂದೆ ದೋಣಿಯಿಂದ ಇಳಿದ ಸ್ರಿಪಾ ಬಾಗಿಲಲ್ಲಿ ತಲೆ ಬಗ್ಗಿಸಲು ಮರೆತು ಹಣೆ ಬಡಿಸಿಕೊಂಡಳು. ಮೂರು ಸಲ ನೆಲ ಎತ್ತರಿಸಿದ ಮನೆ; ಈಗ ಬಾಗಿಲು ಕಿಟಕಿಯಷ್ಟೇ ಉಳಿದಿತ್ತು. ಒಂದು ಕಾಲದಲ್ಲಿ ಪಕ್ಕದ ಮನೆಯವಳಾಗಿದ್ದ ಸ್ರಿಪಾ ಪಟ್ಟಣದ ಅಂಚಿಗೆ ಹೋಗಿ ನೆಲೆಸಿದ ಮೇಲೆ ಬಗ್ಗುವುದನ್ನೇ ಮರೆತಿದ್ದಳು.

"ಅತ್ತೆ ಮನೆಗೆ ಹೋಗೋ ಹುಡುಗಿ ಅಳಬೇಕು, ನಾನು ಅಳೋ ಹಾಗಾಯ್ತಲ್ಲ," ಎನ್ನುತ್ತ ಹಣೆ ತಿಕ್ಕಿಕೊಂಡು ಚೀಲದಿಂದ ಒಂದು ಬಾಟಲಿ ತೆಗೆದಳು. "ತಗೋ, ನಮ್ಮ ಬೋರ್‌ವೆಲ್ ನೀರು. ಇದಕ್ಕಿಂತ ಒಳ್ಳೇದು ಬೇಕಿದ್ರೆ ಆ ಗ್ರಹಕ್ಕೇ ಹೇಳಿಕಳಿಸು."

ನಾಳೆ ರುಕಾನಾಳ ಮಗಳು ಲುತ್ಫಿಯಾಳ ಮದುವೆ, ಈ ಮಧ್ಯಾಹ್ನ ಮದುಮಗಳ ಸ್ನಾನ. ಏಳು ಬಾವಿಯ ನೀರನ್ನು ಏಳು ಮಣ್ಣಿನ ಗಿಂಡಿಗಳಲ್ಲಿ ತುಂಬಿ, ಮಲ್ಲಿಗೆ ತೇಲಿಸಿ, ಒಂದೊಂದಾಗಿ ಎರೆಯಬೇಕು. ರುಕಾನಾಳ ಮದುವೆಯಲ್ಲಿ ಅವಳಿಗೆ ಎರೆಯುವಾಗ ಆ ಏಳೂ ಬಾವಿ ಕೂಗಳತೆಯಲ್ಲೇ ಇದ್ದವು. ಅವಳ ತಾಯಿ ಒಂದೇ ಗಳಿಗೆಯಲ್ಲಿ ಸುತ್ತಿ ಬಂದಿದ್ದಳು. ಈಗ ಊರು ಬಿಟ್ಟವರಿಗೆಲ್ಲ ರುಕಾನಾ ಹೇಳಿಕಳಿಸಿದ್ದಳು. ಒಬ್ಬೊಬ್ಬರಾಗಿ ತಂತಮ್ಮ ಹೊಸ ಮನೆಯ ನೀರು ತಂದಿದ್ದರು. ಸ್ರಿಪಾಳದು ಆರನೆಯದು.

ಏಳನೆಯದು ಮದುಮಗಳ ಸ್ವಂತ ಮನೆಯ ಬಾವಿಯದಾಗಬೇಕು. ಆ ಬಾವಿ ಹಿತ್ತಲಿನ ಕಡೆ ಸಮುದ್ರದೊಳಗಿತ್ತು. ಕಟ್ಟೆಗೆ ದೋಣಿ ಬಡಿಯದಿರಲೆಂದು ನೆಟ್ಟ ಕೋಲು, ಕೋಲಿನ ತುದಿಗೊಂದು ಕೆಂಪು ಬಟ್ಟೆ, ಕಾಣುತ್ತಿದ್ದದ್ದು ಇಷ್ಟೇ.

ಆದರೆ ರುಕಾನಾಳಲ್ಲಿ ಒಂದು ಗುಟ್ಟಿತ್ತು. ಎಂಟು ವರ್ಷದ ಹಿಂದೆ, ಬಾವಿ ಉಪ್ಪಾಗುವುದಕ್ಕೆ ಒಂದು ವಾರ ಮೊದಲು, ಹಸಿರು ಶರಬತ್ತಿನ ಬಾಟಲಿಯೊಂದಕ್ಕೆ ನೀರು ತುಂಬಿ, ಬಾಯಿಗೆ ಮೇಣ ಸುರಿದು, ಬೀರುವಿನ ಮೇಲೆ ಎತ್ತಿಟ್ಟಿದ್ದಳು. ನೆಲ ಏರಿದಂತೆಲ್ಲ ಅದೂ ಏರಿತ್ತು. ಗಂಡ ಕಸ್ನಾದಿಗೆ ಹೇಳಿರಲಿಲ್ಲ. ಬಾವಿಕಟ್ಟೆಯನ್ನು ಎರಡು ಸಲ ಎತ್ತರಿಸಿ, ಮೂರನೆಯ ಸಲ ಸಿಮೆಂಟ್ ಚೀಲದ ಮೇಲೆ ಕೂತು ಸುಮ್ಮನಾಗಿಬಿಟ್ಟಿದ್ದ ಅವನು. ಆಮೇಲೆ ಬಾವಿಯ ಮಾತನ್ನೇ ಎತ್ತಿದವನಲ್ಲ. ರಾತ್ರಿ ಬಾಯಾರಿದಾಗೆಲ್ಲ ಅವಳಿಗೆ ಆ ನೀರು ನೆನಪಾಗುತ್ತಿತ್ತು. ಕೈ ಮಾತ್ರ ಅತ್ತ ಹೋಗಿರಲಿಲ್ಲ. ಇವತ್ತು ಬೆಳಿಗ್ಗೆ ಬಾಟಲಿಯನ್ನು ಇಳಿಸಿ ಅಡುಗೆಮನೆ ಬಾಗಿಲಲ್ಲಿ ಮಿಕ್ಕವುಗಳ ಜೊತೆ ಸಾಲಾಗಿಟ್ಟಿದ್ದಳು.

ಸ್ನಾನ ಮಾಡಿಸಲು ಬಂದಿದ್ದ ದಾಸಿಯೆಮ್ ಮುದುಕಿಯನ್ನು ಊರೆಲ್ಲ ಮ್ಬಾಹ್, ಎಂದರೆ ಅಜ್ಜಿ, ಎನ್ನುತ್ತಿತ್ತು. ಅವಳು ಮಲ್ಲಿಗೆ ಬಿಡಿಸುತ್ತ ಕೇಳಿದಳು: "ಆ ಗ್ರಹದ ನೀರು ಸಪ್ಪೆಯೋ ಉಪ್ಪೋ?"

"ಅದು ಬಂಡೆ ಕೆಳಗೆ ಆಳದಲ್ಲಿದೆಯಂತೆ ಮ್ಬಾಹ್. ಯಾರೂ ನೋಡಿಲ್ಲ, ಕುಡಿದಿಲ್ಲ," ಎಂದ ತರ್ಮುಜಿ.

"ನೋಡದೆ ಕುಡೀದೆ ಕುಣೀತಾರಾ? ನನ್ನ ಗಂಡನೂ ಹೀಗೇ, ಹಿಡಿಯದ ಮೀನಿಗೆ ಮಸಾಲೆ ಅರಿ ಅಂತಿದ್ದ."

ಎಲ್ಲರೂ ನಗುವಾಗ ಕಸ್ನಾದಿ ಚಹಾದ ಗ್ಲಾಸುಗಳನ್ನು ತಂದಿಟ್ಟ. ಮಲ್ಲಿಗೆಯ ಘಮದ ಚಹಾ. ರುಕಾನಾಳಿಗೆ ಸಕ್ಕರೆ ಕಾಯಿಲೆ. ಅವಳ ಗ್ಲಾಸು ಬೇರೆ. ಮಗಳ ಮದುವೆ ಉಡುಪಿನ ಅಂಚು ಹೊಲಿಯುತ್ತಿದ್ದವಳು ಅದನ್ನು ಪಕ್ಕಕ್ಕಿಟ್ಟುಕೊಂಡಳು.

"ಏನ್ರೀ ಇವತ್ತು ಚಹಾ!" ತರ್ಮುಜಿ ಎರಡನೆಯ ಗ್ಲಾಸಿಗೆ ಕೈಚಾಚಿದ. "ನಾನು ತಂದು ಹಾಕೋ ನೀರಲ್ಲಿ ಈ ರುಚಿ ಬರಲ್ಲ ಪಾಕ್. ಎಲ್ಲಿಂದ ತರಿಸಿದ್ರಿ, ಗ್ರಹದಿಂದಲಾ?"

"ಯಾರೋ ತಂದುಕೊಟ್ಟದ್ದು. ಹಸಿರು ಬಾಟಲಿ," ಎಂದ ಕಸ್ನಾದಿ.

ರುಕಾನಾಳ ಕೈಯ ಸೂಜಿ ನಿಂತಿತು.

ಅವನ ತಪ್ಪೂ ಅಲ್ಲ. ಈ ಊರಿಗೆ ಬರುವ ನೆಂಟರು ಹಣ್ಣು ತರುವುದಿಲ್ಲ, ನೀರು ತರುತ್ತಾರೆ. ತಂದವರಿಗೆ ಅದರಲ್ಲೇ ಚಹಾ ಕಾಸಿ ಕೊಡುವುದು ಮರ್ಯಾದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಬಾಟಲಿ ಖಾಲಿ. ಕೆಟಲಿನಲ್ಲಿ ಚಹಾದ ಚರಟ. ಬಾಗಿಲಿಗೆ ಬಂದು ನಿಂತ ಗಂಡನಿಗೆ ಅವಳು ಮೇಣದ ಚೂರನ್ನು ತೋರಿಸಿದಳು.

"ನಮ್ಮ ಬಾವೀದು," ಎಂದಳು. "ಕೊನೇದು. ಮಗಳಿಗೆ ಅಂತ ಇಟ್ಟಿದ್ದೆ."

ಕಸ್ನಾದಿ ಆ ಚೂರನ್ನು ಅಂಗೈಗೆ ತೆಗೆದುಕೊಂಡ. "ಹೇಳಬಾರದಿತ್ತಾ?"

"ನಿಮಗೆ ಹೇಗೆ ಹೇಳಲಿ?"

ಅವರ ಮಾತು ಜಗಲಿಗೂ ಕೇಳಿಸಿತ್ತು. ತರ್ಮುಜಿ ತನ್ನ ಖಾಲಿ ಗ್ಲಾಸನ್ನು ಬಾಗಿಸಿ ನೋಡಿದ, ಒಂದು ಹನಿಯಾದರೂ ಇದ್ದೀತೆ ಎಂಬಂತೆ. "ಎರಡು ಗ್ಲಾಸು ಕುಡಿದೆನಲ್ಲ ಬು," ಎಂದ. ಅವನ ಮುಖ ನೋಡಲಾಗದೆ ಸ್ರಿಪಾ ಕತ್ತು ತಿರುಗಿಸಿದಳು.

ಮ್ಬಾಹ್ ಮಾತ್ರ ಹೊಲಿಗೆಯ ಪಕ್ಕದಲ್ಲಿ ಮುಟ್ಟದೆ ಉಳಿದಿದ್ದ ಗ್ಲಾಸನ್ನು ಎತ್ತಿದಳು. "ಇದು ಯಾರದು?"

"ನಂದು."

"ಸಕ್ಕರೆ ಇಲ್ಲ ತಾನೆ? ಹಾಗಾದ್ರೆ ಹುಡುಗಿಗೆ ಇರುವೆ ಹತ್ತಲ್ಲ. ಮಲ್ಲಿಗೆ ನಾವು ಹೇಗೂ ಹಾಕೋದೇ, ಇದರಲ್ಲಿ ಮೊದಲೇ ಹಾಕಿದ್ದಾರೆ." ಗ್ಲಾಸನ್ನು ರುಕಾನಾಳ ಕೈಗೆ ಕೊಟ್ಟು ದನಿ ತಗ್ಗಿಸಿದಳು. "ಎಂಟು ವರ್ಷ ಕಾದವಳು ನೀನು. ಕುಡಿದ್ರೂ ನಾನೇನೂ ಅನ್ನಲ್ಲ. ಆರೇ ಬಾವಿ ಅಂತ ಯಾರಿಗೂ ಹೇಳಲ್ಲ."

ಗ್ಲಾಸು ಇನ್ನೂ ಬೆಚ್ಚಗಿತ್ತು. ರುಕಾನಾ ಅದನ್ನು ಮೂಗಿನ ಹತ್ತಿರ ತಂದಳು. ಮಲ್ಲಿಗೆಯ ಅಡಿಯಲ್ಲಿ ಒದ್ದೆ ಇಟ್ಟಿಗೆಯ ವಾಸನೆ ಬಂದಂತೆನಿಸಿತು. ಹಗ್ಗ ಉಜ್ಜಿ ಕೆಂಪಾದ ತಾಯಿಯ ಅಂಗೈ ಕಣ್ಣೆದುರು ಹಾದುಹೋಯಿತು. ಗಂಟಲು ಒಣಗಿತ್ತು. ಅವಳು ಏಳನೆಯ ಮಣ್ಣಿನ ಗಿಂಡಿಯ ಮುಚ್ಚಳ ತೆಗೆದು, ಒಂದು ತೊಟ್ಟೂ ಚೆಲ್ಲದಂತೆ ಸುರಿದಳು.

ಮಧ್ಯಾಹ್ನ ಹಿತ್ತಲ ಹಲಗೆಯ ಮೇಲೆ ಲುತ್ಫಿಯಾಳನ್ನು ಕೂರಿಸಿದರು. ಆರು ನೀರೂ ತಲೆಯಿಂದ ಇಳಿದವು. ಕೊನೆಯ ಗಿಂಡಿಯನ್ನು ಅಪ್ಪ ಅಮ್ಮ ಇಬ್ಬರೂ ಹಿಡಿದು ಎರೆದರು.

ಲುತ್ಫಿಯಾ ಕಣ್ಣು ಮುಚ್ಚಿಕೊಂಡೇ ನಾಲಗೆಯಿಂದ ತುಟಿ ಸವರಿಕೊಂಡು ಅಮ್ಮನನ್ನು ಕರೆದಳು. "ಮಾಕ್, ಇದು ಚಹಾ!"

"ಹೌದು ಕಣೆ."

"ಬೆಟ್ಟದೂರಿಗೆ ಹೋಗ್ತಿದೀನಿ ಅಂತ ಚಳಿಗೆ ಈಗಲೇ ಕುಡಿಸ್ತಿದೀರಾ?"

ಹುಡುಗಿ ನಕ್ಕಳು. ಹೆಂಗಸರೂ ನಕ್ಕರು. ಪದ್ಧತಿಯಂತೆ ಕಸ್ನಾದಿ ಗಿಂಡಿಯನ್ನು ಹಲಗೆಗೆ ಬಡಿದು ಒಡೆದ. ಚೂರುಗಳು ಹಲಗೆಯ ಸಂದಿನಿಂದ ಜಾರಿ ಕೆಳಗಿನ ಸಮುದ್ರಕ್ಕೆ ಬಿದ್ದವು. ಅವನು ಕೆಂಪು ಬಟ್ಟೆಯ ಕೋಲಿನ ಕಡೆ ನೋಡುತ್ತ ನಿಂತ. ಎಂಟು ವರ್ಷದಲ್ಲಿ ಅವನು ಅತ್ತ ತಿರುಗಿದ್ದು ಅವತ್ತೇ.

ರುಕಾನಾಳ ಹೆಬ್ಬೆರಳಿನ ಬುಡದಲ್ಲಿ ಒಂದು ಹನಿ ಉಳಿದಿತ್ತು. ಬಟ್ಟೆಗೆ ಒರೆಸಲು ಹೋದವಳು ತಡೆದಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸಾರಿಗೆ ಉಪ್ಪು ಹಿಡಿಯಿತೇ ಎಂದು ನೋಡುವವಳಂತೆ, ಅದನ್ನು ನಾಲಗೆಯ ತುದಿಗೆ ಮುಟ್ಟಿಸಿಕೊಂಡಳು.

ಉಪ್ಪಿರಲಿಲ್ಲ.