ಹರಕೆಯ ಉಣ್ಣೆ

ನನ್ನ ಟಗರಿನ ಮೈ ಬೋಳಾಗಿತ್ತು. ಪಕ್ಕದಲ್ಲಿ ಹರ್ಜಿ ಕತ್ತರಿ ಹಿಡಿದು ಹಲ್ಲು ಕಿರಿಯುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಕುರಿ ಸಾಕಣೆ ಕಲಿಸಲೆಂದು ಎಪ್ಪತ್ನಾಲ್ಕರಲ್ಲಿ ಸರ್ಕಾರ ನಮ್ಮ ಹರಿಯಬ್ಬೆಗೆ ಕಳಿಸಿದ ರಾಜಸ್ಥಾನದವನು ಅವನು. ಹುಟ್ಟಿದಾಗಿನಿಂದ ಕುರಿ ಹಿಂದೆ ನಡೆದ ನನಗೆ ಇವನು ಕಲಿಸುವುದೇನು! ಎರಡು ದಿನದಿಂದ ಆ ಟಗರನ್ನು ತೋರಿಸಿ ನನ್ನ ಮೇಲೆ ರೇಗುತ್ತಿದ್ದ. ಅವನ ಮಾತು ನನಗೆ ತಿಳಿಯದು, ತಿಳಿಯುವ ಗರಜೂ ಇರಲಿಲ್ಲ. ಹೂಂ ಎಂದು ಸಾಗಹಾಕಿದ್ದೆ.

ಆ ಟಗರು ಹರಕೆಯದು. ಹಿಂದಿನ ವರ್ಷ ಮಗಳು ಮುದ್ದಕ್ಕ ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದಾಗ, ಒಂದು ವರ್ಷ ಇದರ ಮೈಗೆ ಕತ್ತರಿ ಸೋಕಿಸುವುದಿಲ್ಲ, ಆಮೇಲೆ ಉಣ್ಣೆಯೆಲ್ಲ ನಿನಗೇ ಎಂದು ದೇವರಿಗೆ ಹೇಳಿಕೊಂಡಿದ್ದೆವು. ಮಗಳು ಎದ್ದಳು. ವರ್ಷ ತುಂಬಲು ಇಪ್ಪತ್ತೇ ದಿನ ಉಳಿದಿತ್ತು. ಈಗ ಅವಳಿಗೇನಾದರೂ ಆದರೆ?

"ಯಾವೋನಲೇ ನೀನು? ತಲೆ ಒಡೀತೀನಿ!" ಎಂದು ದೊಣ್ಣೆ ಎತ್ತಿದೆ.

ಅವನೂ ಬಗ್ಗಲಿಲ್ಲ. ಉಣ್ಣೆಯ ಸಿಕ್ಕಿನಿಂದ ಹುಳು ಹೆಕ್ಕಿ ನನ್ನ ಮೂಗಿಗೆ ಹಿಡಿದು ಕೂಗಿದ. ಟಗರಿನ ಚರ್ಮ ಕೆಂಪಗೆ ಹುಣ್ಣಾಗಿತ್ತು. ನಾನದನ್ನು ನೋಡಿರಲೇ ಇಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು.

ಹೆಂಡತಿ ಓಬವ್ವ ಮಗಳನ್ನು ಎಳೆದು ತಂದು ಅವನೆದುರು ನಿಲ್ಲಿಸಿದಳು. ಮಗಳ ಹಣೆ ಮುಟ್ಟಿ, ಟಗರನ್ನು ತೋರಿಸಿ, ಗುಡಿ ಕಡೆ ಕೈ ಮುಗಿದು, "ಇವಳ ಜೀವಕ್ಕೆ ಹೊತ್ತ ಹರಕೆ ಕಣಪ್ಪ ಇದು" ಎಂದು ಅತ್ತಳು.

ಹರ್ಜಿ ಕತ್ತರಿ ಕೆಳಗಿಟ್ಟ. "ಹರಕೆ... ನಮ್ಮಲ್ಲಿ ಇಲ್ಲಿ" ಎಂದು ಹರಕುಮುರುಕು ಕನ್ನಡದಲ್ಲಿ ಹೇಳಿ, ಪೇಟದ ಕೆಳಗಿನ ಕೂದಲು ಮುಟ್ಟಿಕೊಂಡ. "ಕುರಿ ಮೇಲೆ ಇಲ್ಲ. ನೀನು ಹೂಂ ಅಂದೆ."

ಅಂದಿದ್ದೆ. ದೊಣ್ಣೆ ಕೆಳಗಿಳಿಸಿದೆ.

ಗುಡಿಗೆ ಹೋಗಿ ಕೇಳಿದೆ. "ಮತ್ತೆ ಮೊದಲಿಂದ ಒಂದು ವರ್ಷ ಕಾಯಿ ಜುಂಜಯ್ಯ" ಎಂದು ನನಗೆ ಹೇಳಿದ ಪೂಜಾರಿ ಪಾಲಯ್ಯ. ಅವತ್ತಿನಿಂದ ಹರ್ಜಿಯೂ ನಮ್ಮ ಹರಕೆಗೆಂದು ತಲೆ ಕ್ಷೌರ ಬಿಟ್ಟ. ಸೋಮವಾರ ಸೋಮವಾರ ತಾನು ಉಳಿದುಕೊಂಡಿದ್ದ ಹಿರಿಯೂರಿನಿಂದ ಬಸ್ಸು ಹತ್ತಿ ಬಂದು ಟಗರಿಗೆ ಬೇವಿನೆಣ್ಣೆ ಹಚ್ಚಿ ಉಣ್ಣೆ ಬಾಚುತ್ತಿದ್ದ. ನಾನು ಮಾತಾಡುತ್ತಿರಲಿಲ್ಲ. ಮಗಳು ಒಮ್ಮೆ ಕೆಮ್ಮಿದರೂ ಅವನನ್ನೇ ಬೈಯುತ್ತಿದ್ದೆ.

ವರ್ಷ ತುಂಬಿತು. ಮಗಳು ಗಟ್ಟಿಮುಟ್ಟಾಗಿದ್ದಳು. ಗುಡಿ ಮುಂದೆ ಟಗರಿನ ಉಣ್ಣೆ ಕತ್ತರಿಸಿ ದೇವರಿಗೆ ಇಟ್ಟೆ. ತಿರುಗಿದರೆ, ಹರ್ಜಿ ಪೇಟ ಬಿಚ್ಚಿ, ಕುತ್ತಿಗೆವರೆಗೆ ಇಳಿದ ಕೂದಲು ಹರಡಿಕೊಂಡು ನನ್ನೆದುರು ಕುಕ್ಕರಗಾಲಲ್ಲಿ ಕೂತಿದ್ದ. ಕತ್ತರಿ ನನ್ನ ಕೈಯಲ್ಲೇ ಇತ್ತು.

ಒಡೆಯುತ್ತೇನೆಂದಿದ್ದ ಆ ತಲೆಯನ್ನು ಎಡಗೈಯಲ್ಲಿ ಹಿಡಿದೆ.

"ಅಲ್ಲಾಡಬೇಡ್ರಿ" ಎಂದೆ. ಅವನೊಂದಿಗೆ ನಾನು ಮರ್ಯಾದೆ ಕೊಟ್ಟು ಮಾತಾಡಿದ್ದು ಅದೇ ಮೊದಲು.