ಅಡ್ಡಪಟ್ಟಿಯ ಮೇಲೆ ಹೋದ ಚೆಂಡು

ಮೈದಾನದ ಉತ್ತರ ತುದಿಯ ತಂತಿಬೇಲಿಗೆ ಒಂಬತ್ತು ಕೋಲುಗಳು ಒರಗಿವೆ. ಮರದಿಂದ ಕೆತ್ತಿದ, ತುದಿಯಲ್ಲಿ ದೋಣಿಯ ಹುಟ್ಟಿನಂತೆ ಅಗಲವಾದ ಕೋಲುಗಳು. ಎಂಟು ಒಂದಕ್ಕೊಂದು ಭುಜ ತಾಗಿಸಿಕೊಂಡಿವೆ. ಒಂಬತ್ತನೆಯದು ಗೇಣು ದೂರದಲ್ಲಿ, ಹಿಡಿಗೆ ಹಳದಿ ಪಟ್ಟಿ ಸುತ್ತಿಸಿಕೊಂಡು ನಿಂತಿದೆ. ಬುಡದ ಹುಲ್ಲು ಇನ್ನೂ ಒದ್ದೆ. ಬೇಲಿಯಾಚೆ ಕಾಲುವೆ, ಡಚ್ಚರ ಈ ತಗ್ಗು ನಾಡಿನಲ್ಲಿ ಅದರ ನೀರು ನಮ್ಮ ಕಾಲಡಿಯ ನೆಲಕ್ಕಿಂತ ಆಳೆತ್ತರ ಮೇಲಿದೆ. ಏರಿಯ ಮೇಲೆ ಯಾರೋ ನಿಲ್ಲಿಸಿ ಹೋದ ಸೈಕಲ್ಲು ಆಕಾಶಕ್ಕೆ ಆನಿಕೊಂಡಂತಿದೆ. ಗಾಳಿ ಕೂಡ ಏನೋ ನೆನಪಿಸಿಕೊಳ್ಳಲು ಹೋಗಿ ಅರ್ಧದಲ್ಲಿ ನಿಂತುಬಿಟ್ಟಿದೆ.

ದೂರ ನಿಂತ ಆ ಕೋಲು ನಮ್ಮ ತಂಡದ ಅತ್ಯುತ್ತಮ ಆಟಗಾರ್ತಿ ಜವೇರಿಯಾಳದು.

ಹೂಫ್‌ಡಾರ್ಪಿನ ನಮ್ಮ ಕ್ಲಬ್ಬನ್ನು, ಹರ್ಲಿಂಗ್ ಎಂಬ ಐರಿಷ್ ಕೋಲುಚೆಂಡಾಟಕ್ಕಾಗಿ, ಕಟ್ಟಿದವನು ಡೋನಲ್ ಎಂಬ ಐರಿಷ್ ಬಡಗಿ. ವಿಮಾನ ಕಂಪನಿಗಳ ಕೆಲಸಕ್ಕೆ ಬಂದ ಅವನ ದೇಶದವರು ಕೆಲವರು, ಕರ್ನಾಟಕದಿಂದ ಬಂದು ಇಲ್ಲೇ ನೆಲೆಯಾದ ನಮ್ಮವರು ಕೆಲವರು ಸೇರಿ, ಗಂಡುಹೆಣ್ಣು ಬೆರೆತು ಒಂಬತ್ತು ಜನರ ತಂಡ. ಎಪ್ಪತ್ತಮೂರು ವರ್ಷದ ನಾನು ಗೋಲುಕಂಬದ ಪಕ್ಕದ ಅಂಪೈರ್. ಕಾಂಪೌಂಡರನ ಹಾಗೆ ಬಿಳಿಯ ಕೋಟು ತೊಟ್ಟು ನಿಲ್ಲುತ್ತೇನೆ. ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಹಸಿರು ಬಾವುಟ, ಮೂರು ಅಂಕ. ಪಟ್ಟಿಯ ಮೇಲಿಂದ ಕಂಬಗಳ ನಡುವೆ ಹಾರಿದರೆ ಬಿಳಿ ಬಾವುಟ, ಒಂದು ಅಂಕ. ನನಗೆ ತಿಳಿದ ಹರ್ಲಿಂಗ್ ಇಷ್ಟೇ.

ಆ ವರ್ಷ ನಾವು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಟಿಲ್‌ಬರ್ಗಿನವರ ಎದುರಿನ ಈ ಕೊನೆಯದನ್ನೂ ಗೆಲ್ಲದಿದ್ದರೆ ಸೆಪ್ಟೆಂಬರಿನಲ್ಲಿ ಶುರುವಾಗುವ ಮುಂದಿನ ಋತುವಿನಲ್ಲಿ ಸ್ವಂತ ಹೆಸರಿನಲ್ಲಿ ಆಡುವಂತಿಲ್ಲ. ಅವರ ಕ್ಲಬ್ಬಿನಲ್ಲೇ ಸೇರಿಹೋಗಬೇಕು. ಇಂಥ ಹೊತ್ತಿಗೆ ಜವೇರಿಯಾಳಿಗೆ ಪ್ರಾಂತ ತಂಡದಿಂದ ಕರೆ ಬಂದಿತ್ತು. ಜುಲೈಯಲ್ಲಿ ಐರ್ಲೆಂಡಿಗೆ ಹೋಗುವ ತಂಡ. ಅದರ ಶಿಬಿರ ಪಂದ್ಯದ ದಿನವೇ, ಶನಿವಾರ ಸಂಜೆ, ಎರಡು ಗಂಟೆ ದಾರಿಯ ಗ್ರೋನಿಂಗನ್ನಿನಲ್ಲಿ. ಆ ತಂಡದ ಮ್ಯಾನೇಜರ್ ಕೀರನ್ ಅವಳನ್ನು ಕರೆದೊಯ್ಯಲು ತಾನೇ ಕಾರು ತಂದಿದ್ದ. ಅವನು ವಾರದ ಮೊದಲೇ ಹಾಕಿದ್ದ ಷರತ್ತು ಒಂದೇ: ಕ್ಲಬ್ಬಿಗಾಗಿ ಮೊದಲರ್ಧ ಆಡಲಿ, ಎರಡನೆಯ ಅರ್ಧಕ್ಕೂ ಇಳಿದರೆ ಶಿಬಿರಕ್ಕೆ ಬರುವುದು ಬೇಡ, ಕಾಲು ಉಳುಕಿದವರು ಅವನಿಗೆ ಆಗಲೇ ಇಬ್ಬರಿದ್ದರು.

ಡೋನಲ್ ಆ ತಂಡಕ್ಕೆ ಹಳೆಯ ಅಭ್ಯಾಸದಿಂದ ‘ಕೌಂಟಿ’ ಎನ್ನುತ್ತಿದ್ದ. ಕೌಂಟಿಯೆಂದರೆ ಅವನ ನಾಡಿನಲ್ಲಿ ನಮ್ಮ ಜಿಲ್ಲೆಯಿದ್ದಂತೆ. ಬೂಟಿನ ದಾರ ಬಿಗಿಯುತ್ತ ಅವನು ಹೇಳಿದ: ಅಲ್ಲಿ ತಂಡಕ್ಕೆ ಹದಿನೈದು ಜನ, ಅವನ ಹರೆಯದಲ್ಲಿ ಊರ ಕ್ಲಬ್ಬಿನ ಮೂವರನ್ನು ಕೌಂಟಿ ಕರೆದುಕೊಂಡರೆ ಉಳಿದ ಹನ್ನೆರಡು ಜನ ಬೇಸಗೆಯಿಡೀ ಕೋಲಿಗೆ ಎಣ್ಣೆ ಹಚ್ಚುತ್ತ ಕೂರುತ್ತಿದ್ದರಂತೆ. ಕೌಂಟಿ ಗೆದ್ದಷ್ಟೂ ಕ್ಲಬ್ಬಿನ ಪಂದ್ಯ ಮುಂದಕ್ಕೆ. ಈಗ ವರ್ಷವನ್ನೇ ಸೀಳಿ, ಮೊದಲ ಭಾಗ ಕೌಂಟಿಗೆ, ಉಳಿದದ್ದು ಕ್ಲಬ್ಬಿಗೆ ಎಂದು ಹಂಚಿದ್ದಾರೆ. ಆದರೂ ಒಳ್ಳೆಯ ಹುಡುಗರು ಊರಿಗೆ ಮರಳುವಾಗ ಮೊಣಕಾಲಿಗೆ ಐಸಿನ ಚೀಲ ಕಟ್ಟಿಕೊಂಡೇ ಮರಳುತ್ತಾರೆ.

ಕೀರನ್ ಸಿಟ್ಟಾಗಲಿಲ್ಲ. ತಾನೂ ಕ್ಲಬ್ಬಿನವನೇ ಎಂದ. ಎಂಟನೆಯ ವಯಸ್ಸಿನಲ್ಲಿ ತುಂಬಿದ ಕ್ರೀಡಾಂಗಣದಲ್ಲಿ ಕೌಂಟಿಯ ಆಟ ನೋಡದಿದ್ದರೆ ತಾನು ಕೋಲನ್ನೇ ಹಿಡಿಯುತ್ತಿರಲಿಲ್ಲ ಎಂದೂ ಹೇಳಿದ. ಅದೂ ಸುಳ್ಳಲ್ಲ. ಡೋನಲ್ ಇನ್ನೊಂದು ಬೂಟಿನ ದಾರಕ್ಕೆ ಕೈ ಹಾಕಿದ.

ಎರಡನೆಯ ಅರ್ಧಕ್ಕೆ ಒಂಬತ್ತನೆಯವರು ಯಾರು? ಮೇ ತಿಂಗಳ ರಜೆಗೆ ಅರ್ಧ ಕ್ಲಬ್ಬು ಊರಿಗೆ ಹಾರಿತ್ತು. ಕಾರ್ಯದರ್ಶಿ ಸಂದೀಪ್, ಬೆಂಗಳೂರಿನ ಹುಡುಗ, ಸದಸ್ಯರ ಪಟ್ಟಿಯ ಮೇಲೆ ಬೆರಳಾಡಿಸುತ್ತ ಬಂದು ಕೊನೆಯ ಹೆಸರಿನಲ್ಲಿ ನಿಂತಿದ್ದ: ಮಸರ್ರತ್. ಜವೇರಿಯಾಳ ತಾಯಿ. ಐವತ್ತೊಂದು ವರ್ಷ. ಕ್ಲಬ್ಬಿನ ಅಡುಗೆಮನೆಯ ಬೀಗದಕೈಯನ್ನು ಸದಸ್ಯರಿಗೆ ಮಾತ್ರ ಕೊಡಬೇಕೆಂಬ ನಿಯಮದಿಂದಾಗಿ ಆಕೆ ಸದಸ್ಯೆಯಾಗಿದ್ದಳು.

“ಆಂಟಿ, ನೀವು ಗದಗಿನಲ್ಲಿ ಹಾಕಿ ಗೋಲ್‌ಕೀಪರ್ ಆಗಿದ್ರಿ ಅಲ್ವಾ?” ಎಂದು ವಾರದ ಹಿಂದೆ ಅವನು ಕೇಳಿದ್ದ.

“ಆಗಿದ್ದೆ. ಆಗ ನನ್ನ ಸೊಂಟ ಎಲ್ಲೈತಿ ಅಂತ ಕಾಣತಿತ್ತು.”

“ಮೂವತ್ತೇ ನಿಮಿಷ. ಗೋಲಲ್ಲಿ ಇರೋ ಚಿನ್ಮಯ್ ಮುಂದೆ ಹೋಗ್ತಾನೆ, ಅವನ ಜಾಗದಲ್ಲಿ ನೀವು.”

“ಚಹಾ ಯಾರು ಮಾಡೋರು? ನಿಮ್ಮಪ್ಪ?”

ಹೀಗೆಂದವಳು ಅದೇ ಸಂಜೆ ಹೆಲ್ಮೆಟ್ ತೊಟ್ಟು ಬಂದಿದ್ದಳು. ಒಪ್ಪಿದ್ದೇಕೆಂದು ನಾನು ಕೇಳಿದಾಗ ಲೋಟ ಒರೆಸುತ್ತಲೇ ಹೇಳಿದಳು: “ಕಾಕಾ, ಹತ್ತೊಂಬತ್ತು ವರ್ಷಕ್ಕ ನನಗೂ ಸ್ಟೇಟ್ ಕ್ಯಾಂಪಿಗೆ ಕರದಿದ್ರು. ನಮ್ಮ ಬೆಟಗೇರಿ ಕ್ಲಬ್ಬಿನವರು, ಊರ ಟೂರ್ನಮೆಂಟ್ ಮುಗಿಸಿ ಹೋಗವಾ ಅಂದ್ರು. ಮುಗಿಸಿದೆ. ಕಪ್ಪೂ ಗೆದ್ವಿ. ಕ್ಯಾಂಪಿನ್ಯಾಗ ನನ್ನ ಜಾಗಕ್ಕ ಬ್ಯಾರೆ ಹುಡುಗಿ ಬಂದಿದ್ಲು. ಯಾರ ಮ್ಯಾಲೂ ಸಿಟ್ಟಿಲ್ಲ. ಆದ್ರ ನನ್ನ ಮಗಳು ಹೋಗ್ತಾಳ.”

ಆ ವಾರವಿಡೀ ಸಂದೀಪ್ ಅವಳಿಗೆ ಚೆಂಡು ಹೊಡೆದು ಅಭ್ಯಾಸ ಕೊಟ್ಟ. ಎಲ್ಲವೂ ಬಲೆಗೆ ಗುರಿಯಿಟ್ಟ ಹೊಡೆತಗಳೇ. ಹತ್ತರಲ್ಲಿ ಎಂಟನ್ನು ಆಕೆ ಕಾಲಿನಿಂದ, ಕೋಲಿನಿಂದ, ಒಮ್ಮೆ ಹೊಟ್ಟೆಯಿಂದಲೂ ತಡೆದಳು. ಡೋನಲ್ ಬಡಗಿಯ ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಕಿವಿಗೇ ಸಿಕ್ಕಿಸಿಕೊಂಡ. ಅವನ ಮಟ್ಟಿಗೆ ಅದು ಚಪ್ಪಾಳೆ.

ಪಂದ್ಯ ಹನ್ನೆರಡಕ್ಕೆ ಶುರುವಾಯಿತು. ಮೊದಲರ್ಧದಲ್ಲಿ ಜವೇರಿಯಾ ಆಡಿದ್ದನ್ನು ವರ್ಣಿಸಲು ನನ್ನಲ್ಲಿ ಕ್ರಿಯಾಪದಗಳು ಸಾಲವು. ಚೆಂಡನ್ನು ಕೋಲಿನ ತುದಿಯಲ್ಲಿ ನಿಲ್ಲಿಸಿಕೊಂಡು ಓಡುತ್ತಿದ್ದಳು. ಎದುರಾಳಿಗಳು ಒಂದು ಕ್ಷಣ ತಡವಾಗಿ ಹುಟ್ಟಿದವರಂತೆ ಕಾಣುತ್ತಿದ್ದರು. ಅರ್ಧವಿರಾಮಕ್ಕೆ ನಾವು ಆರು ಅಂಕ ಮುಂದಿದ್ದೆವು.

ತಾಯಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ಮೈದಾನಕ್ಕೆ ಬರುವಾಗ ಮಗಳು ಬೆವರು ಒರೆಸುತ್ತ ಎದುರಾದಳು.

“ಅಮ್ಮೀ, ಆರ್ ಯೂ ಶೂರ್? ನಾನು ಇಲ್ಲೇ ಇರ್ತೀನಿ ಬೇಕಾದ್ರೆ. ಇವರೆಲ್ಲಾ ನನ್ನ ಕ್ಲಬ್ಬು. ಕ್ಲಬ್ಬೇ ಹೋದ್ರೆ ನಾನು ಜುಲೈನಲ್ಲಿ ಎಲ್ಲಿಂದ ಬಂದೆ ಅಂತ ಹೇಳ್ಲಿ?”

“ನೀ ಕಾರ್ ಹತ್ತು. ನಿನ್ನ ಕ್ಲಬ್ಬಿಗೇನೂ ಆಗಂಗಿಲ್ಲ.”

ಅವಳು ಹೋಗಲಿಲ್ಲ. ಚೀಲವನ್ನು ಹೆಗಲಿಗೇರಿಸಿಕೊಂಡು ಗೆರೆಯಾಚೆ ನಿಂತಳು. ಪಕ್ಕದಲ್ಲಿ ಕೀರನ್ ಕಾರಿನ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದ.

ಎರಡನೆಯ ಅರ್ಧದ ನಾಲ್ಕನೆಯ ನಿಮಿಷ ಟಿಲ್‌ಬರ್ಗಿನ ಒಬ್ಬ ಎತ್ತರದ ಹುಡುಗ ದೂರದಿಂದ ಹೊಡೆದ. ಚೆಂಡು ನೇರ ನಮ್ಮತ್ತ, ನಿಲುಕುವ ಎತ್ತರದಲ್ಲೇ ಬಂತು. ಮಸರ್ರತ್ ಅದನ್ನು ಕಣ್ಣಿನಿಂದಲೇ ಅಳೆದು, ತಲೆ ತುಸು ಬಗ್ಗಿಸಿ, ಮರ್ಯಾದೆಯಿಂದ ದಾರಿ ಬಿಟ್ಟಳು. ಅದು ಅಡ್ಡಪಟ್ಟಿಯ ಮೇಲೆ ಗೇಣು ಎತ್ತರದಲ್ಲಿ ಹಾರಿ ಕಾಲುವೆಯ ಏರಿಗೆ ಬಿತ್ತು. ಆಕೆ ನನ್ನತ್ತ ತಿರುಗಿ ಹೆಬ್ಬೆರಳೆತ್ತಿದಳು. ನಾನು ಬಿಳಿಯ ಬಾವುಟವೆತ್ತಿದೆ.

ಎರಡನೆಯದೂ ಹಾಗೆಯೇ. ಮೂರನೆಯದಕ್ಕಂತೂ ಆಕೆ ಎತ್ತಿದ್ದ ಕೋಲನ್ನು ಬೇಕೆಂದೇ ಇಳಿಸಿ ಹಾದಿ ಮಾಡಿಕೊಟ್ಟು, “ಹೋಗಪಾ ಹೋಗು, ಹೊರಗ ಹೋಗು!” ಎಂದು ಚೆಂಡಿಗೆ ವಿದಾಯವನ್ನೂ ಹೇಳಿದಳು. ಆಗ ನನಗೆ ಹೊಳೆಯಿತು. ಹಾಕಿಯಲ್ಲಿ ಅಡ್ಡಪಟ್ಟಿಯ ಮೇಲೆ ಹೋದ ಚೆಂಡು ಸತ್ತ ಚೆಂಡು. ಗೋಲ್‌ಕೀಪರ್ ನೆಮ್ಮದಿಯ ಉಸಿರು ಬಿಡುವ ಕ್ಷಣ ಅದು. ನಾಲ್ಕು ವರ್ಷಗಳಿಂದ ಈಕೆ ಕ್ಲಬ್ಬಿಗೆ ಬರುತ್ತಿದ್ದರೂ ಅಡುಗೆಮನೆಯ ಕಿಟಕಿ ಇದ್ದದ್ದು ಪಾರ್ಕಿಂಗಿನ ಕಡೆಗೆ. ಮೂವತ್ತು ವರ್ಷ ಹಿಂದಿನ ಗದಗಿನ ಮೈದಾನ ಆಕೆಯ ಮೈಯಲ್ಲಿ ಹಾಗೆಯೇ ಉಳಿದಿತ್ತು. ಈ ಒಂದು ಮಾತನ್ನು ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

“ಯಾಕ್ರೀ ಕಾಕಾ, ಹೊರಗ ಹೋದದ್ದಕ್ಕ ಬಾವುಟ ಹಾರಸ್ತೀರಿ?”

ಅಂಪೈರನು ಆಟಗಾರರಿಗೆ ಬುದ್ಧಿ ಹೇಳುವಂತಿಲ್ಲ. “ನನ್ನ ಕೆಲಸ ನಾ ಮಾಡಾಕತ್ತೀನಿ, ತಂಗಿ” ಎಂದೆ.

“ಭಾಳ ಹುರುಪಿನಿಂದ ಮಾಡಾಕತ್ತೀರಿ.”

ನಾಲ್ಕನೆಯದೂ ಹೋಯಿತು. ಆರಿದ್ದದ್ದು ಎರಡಾಯಿತು. ಸಂದೀಪ್ ಮೈದಾನದ ನಡುವಿನಿಂದ ಎರಡೂ ಕೈ ಎತ್ತಿ ಏನೋ ಕೂಗಿದ. ಆಕೆ ಅದನ್ನು ಶಾಭಾಸ್ ಎಂದುಕೊಂಡು ಕೈ ಬೀಸಿದಳು. ಗೆರೆಯಾಚೆ ಜವೇರಿಯಾ ಚೀಲವನ್ನು ನೆಲಕ್ಕಿಳಿಸಿ ಕೋಲನ್ನು ಕೈಗೆ ತೆಗೆದುಕೊಂಡಳು. ಕೀರನ್ ಅವಳ ಕೋಲನ್ನು ನೋಡಿದ, ಗಡಿಯಾರವನ್ನು ನೋಡಿದ. ಒಂದು ಹೆಜ್ಜೆ ಒಳಗಿಟ್ಟರೆ ಅವಳ ಜುಲೈ ಮುಗಿದಂತೆ.

ಅವಳು ಗೆರೆಯ ಮೇಲೆಯೇ ಓಡಿ ನಮ್ಮ ಗೋಲಿನ ಸಮೀಪಕ್ಕೆ ಬಂದು ಕೂಗಿದಳು: “ಅಮ್ಮೀ! ಮೇಲೆ ಹೋದ್ರೂ ಪಾಯಿಂಟ್! ಬಿಡಬೇಡ, ಹಿಡಿ!”

ಮಸರ್ರತ್ ಅಡ್ಡಪಟ್ಟಿಯನ್ನು ನೋಡಿದಳು, ನನ್ನ ಬಾವುಟವನ್ನು ನೋಡಿದಳು.

“ನಾಲ್ಕೂ?”

“ನಾಲ್ಕೂ!”

“ಯಾ ಅಲ್ಲಾ! ನಾ ನಿಂತು ನಿಂತು ದಾನಾ ಮಾಡೇನಿ!” ಆಮೇಲೆ ಸಂದೀಪನ ಕಡೆಗೆ ಕೋಲು ಚಾಚಿ, “ಏ ಸೆಕ್ರೆಟರಿ! ಇದನ್ನ ಹೇಳಾಕ ಏನ್ ಅರ್ಜಿ ಕೊಡಬೇಕಿತ್ತೇನು?” ಎಂದಳು. ಮತ್ತೆ ಮಗಳ ಕಡೆ ತಿರುಗಿ, “ನೀ ಇನ್ನೂ ಹೋಗಿಲ್ಲೇನ? ಆ ಕೋಲು ಚೀಲದಾಗ ಇಡು!”

ಟಿಲ್‌ಬರ್ಗಿನವರೂ ನಗುತ್ತಿದ್ದರು. ಆದರೆ ನಗುತ್ತಲೇ ಮೈದಾನದ ಆ ಬದಿಯಿಂದ ಇನ್ನೊಂದು ಹೊಡೆದರು. ಅದು ಬಹಳ ಎತ್ತರದಲ್ಲಿತ್ತು. ಆಕೆ ಹಾರಿದರೂ ನಿಲುಕಲಿಲ್ಲ. ಬಿಳಿ ಬಾವುಟ. ಉಳಿದದ್ದು ಒಂದೇ ಅಂಕ.

ಕೊನೆಯ ನಿಮಿಷ. ಅದೇ ಎತ್ತರದ ಹುಡುಗ, ಇಪ್ಪತ್ತು ಹೆಜ್ಜೆಯ ದೂರದಿಂದ. ಚೆಂಡು ಅಡ್ಡಪಟ್ಟಿಯ ಮೇಲೆ ಒಂದು ಅಂಗೈ ಅಗಲದಷ್ಟು ಜಾಗವನ್ನು ಹುಡುಕಿಕೊಂಡು ಬಂತು. ಮಸರ್ರತ್ ನೆಲ ಬಿಟ್ಟಳು. ಎಷ್ಟು ಎತ್ತರಕ್ಕೆ ಎಂದು ಹೇಳಲಾರೆ. ಐವತ್ತೊಂದು ವರ್ಷಗಳನ್ನು ಒಂದು ಕ್ಷಣ ಕೆಳಗೆ ಇಟ್ಟಷ್ಟು. ಕೋಲಿನ ತುದಿ ಚೆಂಡಿಗೆ ತಾಗಿತು. ಚೆಂಡು ಪಟ್ಟಿಗೆ ಬಡಿದು ಟಣ್ಣೆಂದು ಕೆಳಗಿಳಿಯಿತು. ಆಕೆ ಅದರ ಮೇಲೆ ಇಡೀ ಮೈಯಿಂದ ಬಿದ್ದು, ಯಾರು ಎಷ್ಟು ಎಳೆದರೂ ಏಳಲಿಲ್ಲ. ರೆಫರಿ ಆಟ ಮುಗಿದ ಸೀಟಿ ಊದಿದ. ನನ್ನ ಎರಡೂ ಬಾವುಟಗಳು ಕೆಳಗೇ ಇದ್ದವು.

ಮೊದಲು ಓಡಿ ಬಂದವನು ಡೋನಲ್ ಅಲ್ಲ, ಕೀರನ್. ಹನ್ನೆರಡೂವರೆಗೆ ಹೊರಡಲೇಬೇಕೆಂದವನು ಗಂಟೆ ಒಂದು ದಾಟಿದರೂ ಅಲ್ಲೇ ಇದ್ದ. ಒಂದು ಅಂಕದ ಅಂತರದಲ್ಲಿರುವ ಆಟವನ್ನು ಬಿಟ್ಟು ಹೋಗುವ ವಿದ್ಯೆ ಅವನಿಗೆ ಬರುತ್ತಿರಲಿಲ್ಲವೆಂದು ಕಾಣುತ್ತದೆ. ಮಸರ್ರತ್‌ಳನ್ನು ಕೈಹಿಡಿದು ಎಬ್ಬಿಸಿ, ಶಿಬಿರದಲ್ಲಿ ಒಬ್ಬ ಗೋಲ್‌ಕೀಪರ್‌ನ ಜಾಗವೂ ಖಾಲಿಯಿದೆ, ಬರುತ್ತೀರಾ ಎಂದು ಕೇಳಿದ. ಡೋನಲ್ ಅವರಿಬ್ಬರ ನಡುವೆ ಬಂದು ನಿಂತು, ಈಕೆಯನ್ನು ಮಾತ್ರ ಕ್ಲಬ್ಬು ಬಿಟ್ಟುಕೊಡುವುದಿಲ್ಲ ಎಂದ.

“ಏನಂತಾರ ಇವರಿಬ್ರೂ?” ಎಂದು ಆಕೆ ಕೇಳಿದಳು. ಸಂದೀಪ್ ಕನ್ನಡದಲ್ಲಿ ಹೇಳಿದ. ಆಕೆ ನಕ್ಕಳು, ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಆ ನಗೆಯೊಳಗಿಂದ ಒಮ್ಮೆ ಇಣುಕಿ ನೋಡಿದಂತೆ ನನಗೆ ಅನ್ನಿಸಿತು.

ಕ್ಲಬ್ಬಿನ ಮನೆಯೊಳಗೆ ಎರಡೂ ತಂಡಗಳ ಆಟಗಾರರು ಸೇರಿದರು. ಚಹಾವನ್ನು ಚಿನ್ಮಯ್ ಮಾಡಿದ್ದ. ಸಕ್ಕರೆಯಿರಲಿಲ್ಲ, ಯಾರೂ ದೂರಲಿಲ್ಲ. ಜವೇರಿಯಾ ತಾಯಿಯ ಗದ್ದಕ್ಕೆ ಅಂಟಿದ್ದ ಹುಲ್ಲಿನ ಎಸಳನ್ನು ತೆಗೆದಳು.

“ಮಂಡಿ ನೋವಾ?”

“ನಾಳೆ ಆಗ್ತೈತಿ. ನಾಳೆ ನೀ ಇಲ್ಲಿ ಇರಂಗಿಲ್ಲ, ನಾ ಆರಾಮಾಗಿ ನರಳಬಹುದು.”

“ಸೆಪ್ಟೆಂಬರಿಗೆ ವಾಪಸ್ ಇಲ್ಲೇ ಆಡೋದು ನಾನು. ಹೇಳ್ಬಿಡಿ ಎಲ್ರಿಗೂ.”

“ನೋಡೋಣು. ನಿನ್ನ ಜಾಗಾ ಖಾಲಿ ಇದ್ರ.”

ಎಲ್ಲರೂ ಹೋ ಎಂದರು. ಅವಳು ತಾಯಿಯ ಹಣೆಗೆ ಹಣೆ ತಾಗಿಸಿ, ಚೀಲವನ್ನು ಹೆಗಲಿಗೆ ಹಾಕಿಕೊಂಡು, ಕೀರನ್ ಹಿಡಿದು ನಿಂತಿದ್ದ ಬಾಗಿಲನ್ನು ಹಿಂದಿರುಗಿ ನೋಡದೆ ದಾಟಿದಳು. ಅವನೂ ಹೊರಬಿದ್ದ ಮೇಲೆ ಬಾಗಿಲು ಮೆಲ್ಲನೆ ವಾಲಿ, ಒಮ್ಮೆ ತಡೆದು, ಮುಚ್ಚಿಕೊಂಡಿತು.